ನಮ್ಮ ಹಳ್ಳಿ ಹುಡುಗರ ಹೆಸರು ಹೇಳಿ ಬಾಗಿಲು ಹಾಕಬೇಡಿ: ರಕ್ಷಣಾ ಸಚಿವರಿಗೆ ಚಿತ್ರದುರ್ಗದಿಂದ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ಮತ್ತು ಭೂಸೇನೆಯ ಮುಖ್ಯಸ್ಥರಿಗೆ ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಅಗ್ನಿವೀರ್, ಪೊಲೀಸ್, ಬಿಎಸ್‌ಎಫ್ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರನ್ನು ಮೈದಾನದಲ್ಲಿ ಓಡಿಸುತ್ತೇನೆ. ಅದು ನನ್ನ ಡ್ಯೂಟಿ ಅಲ್ಲ, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಆದರೂ ಮಾಡುತ್ತೇನೆ, ಯಾಕೆಂದರೆ ಮಳೆ ನಂಬಿ ಶೇಂಗಾ ಬಿತ್ತುವ ನಮ್ಮ ಕಡೆಯ ಮನೆಗೆ ಒಂದು ಯೂನಿಫಾರ್ಮಿನ ಕೆಲಸ ಬಂದರೆ ತಮ್ಮನ ಓದು, ಅಕ್ಕನ ಮದುವೆ, ಬೋರ್‌ವೆಲ್ ಕೊರೆಸಿದ ಸಾಲ ಎಲ್ಲ ಒಂದು ದಡ ಸೇರುತ್ತದೆ.

ಹೆಣ್ಣುಮಕ್ಕಳಿಗೂ ಕಾಲ್ದಳದ, ಅಂದರೆ ಇನ್‌ಫೆಂಟ್ರಿಯ ಬಾಗಿಲು ತೆಗೆಯಿರಿ ಅಂತ ಕೇಳುವುದಕ್ಕೆ ಈ ಪತ್ರ. ಬರೆಯುವುದಕ್ಕೆ ಕಾರಣ ಸರ್ಕಾರ ಆಡಿದ ಒಂದು ಮಾತು. ಮಹಿಳಾ ಅಧಿಕಾರಿಗಳ ಕಾಯಂ ಕಮಿಷನ್, ಅಂದರೆ ನಿವೃತ್ತಿವರೆಗೂ ಸೇವೆಯಲ್ಲಿ ಉಳಿಯುವ ಹಕ್ಕಿನ ಕೇಸು ಸುಪ್ರೀಂ ಕೋರ್ಟಿನಲ್ಲಿದ್ದಾಗ ಕೇಂದ್ರ ಸರ್ಕಾರ ಬರೆದು ಕೊಟ್ಟ ವಾದದಲ್ಲಿ ಅದು ಇತ್ತು. ಜವಾನರೆಲ್ಲ ಗಂಡಸರು, ಹೆಚ್ಚಿನವರು ಹಳ್ಳಿಗಳಿಂದ ಬಂದವರು, ಅಲ್ಲಿನ ರೂಢಿ ನೋಡಿದರೆ ಒಬ್ಬ ಮಹಿಳಾ ಅಧಿಕಾರಿಯನ್ನು ತಮ್ಮ ಕಮಾಂಡರ್ ಅಂತ ಒಪ್ಪಿಕೊಳ್ಳಲು ಅವರ ಮನಸ್ಸು ಇನ್ನೂ ತಯಾರಾಗಿಲ್ಲ, ಅನ್ನುವುದು ಅದರ ತಾತ್ಪರ್ಯ. 2020ರ ಫೆಬ್ರವರಿ 17ರಂದು ಕೋರ್ಟು ಆ ವಾದ ಒಪ್ಪಲಿಲ್ಲ, ಕಾಯಂ ಕಮಿಷನ್ ಕೊಡಿ ಅಂತ ಆದೇಶ ಮಾಡಿತು. ಅಲ್ಲಿಗೆ ಕೇಸು ಮುಗಿಯಿತು. ಆದರೆ ಆ ಮಾತು ಮುಗಿಯಲಿಲ್ಲ. ಹೆಣ್ಣುಮಕ್ಕಳು ಯುದ್ಧಭೂಮಿಗೆ ಹೋಗಬೇಕಾ ಬೇಡವಾ ಅಂತ ಟಿವಿಯಲ್ಲಿ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನೇ ತಿರುಗಿಸಿ ಹೇಳುತ್ತಾರೆ. ಹಳ್ಳಿ ಹುಡುಗರು ಒಪ್ಪಲ್ಲ ರೀ, ಅಂತ.

ನಮ್ಮನ್ನು ಯಾರು ಕೇಳಿದರು?

ಆ ಹಳ್ಳಿ ಜವಾನ ಅಂದರೆ ನನ್ನ ಚಿಕ್ಕಪ್ಪ. ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಆ ಹಳ್ಳಿ ಜವಾನ ಅಂದರೆ ನನ್ನ ಮೈದಾನದಲ್ಲಿ ಬರಿಗಾಲಲ್ಲಿ ಓಡುವ ಹುಡುಗ, ನಾನು ವಿಸಿಲ್ ಊದಿದರೆ ನಿಲ್ಲುತ್ತಾನೆ, ಇನ್ನೊಂದು ಸುತ್ತು ಅಂದರೆ ಗೊಣಗಿಕೊಂಡಾದರೂ ಓಡುತ್ತಾನೆ, ಹೇಳುತ್ತಿರುವವಳು ಹೆಂಗಸು ಅನ್ನುವ ಕಾರಣಕ್ಕೆ ಯಾವತ್ತೂ ನಿಂತಿಲ್ಲ. ಅವನ ಪರವಾಗಿ ನೀವು ದೆಹಲಿಯಲ್ಲಿ ಕೂತು ಉತ್ತರ ಕೊಟ್ಟುಬಿಟ್ಟಿರಿ.

ಹಳ್ಳಿಯಲ್ಲಿ ಹೆಣ್ಣಿನ ಮಾತು ನಡೆಯುವುದಿಲ್ಲ ಅನ್ನುವುದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ನಾನೂ ಹಳ್ಳಿಯವಳೇ, ಎಲ್ಲ ನೋಡಿದ್ದೇನೆ. 1987ರಲ್ಲಿ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ಆದಾಗ ನೂರಕ್ಕೆ 25 ಸೀಟು ಹೆಂಗಸರಿಗೆ ಮೀಸಲಿಟ್ಟರು. ಆಗ ಯಾವ ಹಳ್ಳಿಯೂ ತಯಾರಿರಲಿಲ್ಲ. ಸದಸ್ಯೆ ಒಬ್ಬಳು, ಕುರ್ಚಿಯಲ್ಲಿ ಕೂರುವವನು ಅವಳ ಗಂಡ, ಅವಳ ಕೆಲಸ ಬರೀ ಸಹಿ. ಈಗಲೂ ಕೆಲವು ಕಡೆ ಹಾಗೇ ಇದೆ. ಆದರೆ ಈಗ ಅರ್ಧದಷ್ಟು ಸೀಟು ಹೆಂಗಸರದ್ದು, ಗ್ರಾಮಸಭೆಯಲ್ಲಿ ಎದ್ದು ನಿಂತು ನರೇಗಾ ಬಿಲ್ಲು ಎಲ್ಲಿ ಹೋಯಿತು ಅಂತ ಪಿಡಿಒ ಸಾಹೇಬರನ್ನು ಕೇಳುವ ಅಧ್ಯಕ್ಷೆಯರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಚಿತ್ರದುರ್ಗಕ್ಕೆ ಒಬ್ಬರ ಹಿಂದೆ ಒಬ್ಬರಂತೆ ಮಹಿಳಾ ಜಿಲ್ಲಾಧಿಕಾರಿಗಳು ಬಂದರು, ಎಸ್‌ಪಿಯಾಗಿಯೂ ಮಹಿಳೆ ಇದ್ದರು. ಪಕ್ಕದ ದಾವಣಗೆರೆಯಲ್ಲೂ ಮಹಿಳಾ ಎಸ್‌ಪಿಯ ಕೈಕೆಳಗೆ ಪೊಲೀಸರು ಕೆಲಸ ಮಾಡಿದರು. ಆ ಪೊಲೀಸರು ಎಲ್ಲಿಂದ ಬಂದವರು? ನಿಮ್ಮ ಜವಾನರು ಹುಟ್ಟಿದ ಇವೇ ಹಳ್ಳಿಗಳಿಂದ. ಜನರ ಮನಸ್ಸು ತಯಾರಾದ ಮೇಲೆ ಬಾಗಿಲು ತೆಗೆದದ್ದಲ್ಲ. ಬಾಗಿಲು ತೆಗೆದರು, ಹೆಂಗಸರು ಒಳಗೆ ಬಂದು ಕೂತರು, ಆಮೇಲೆ ಜನ ನಿಧಾನಕ್ಕೆ ಹೊಂದಿಕೊಂಡರು.

ಈಗ ಬಾಗಿಲು ಎಲ್ಲಿವರೆಗೆ ತೆಗೆದಿದೆ ಅನ್ನುವುದನ್ನೂ ಹೇಳುತ್ತೇನೆ, ಎಷ್ಟೋ ಜನರಿಗೆ ಇದು ಸರಿಯಾಗಿ ಗೊತ್ತಿಲ್ಲ. ಟಿವಿಯಲ್ಲಿ ನೋಡಿ ಎಲ್ಲ ಸಿಕ್ಕೇಬಿಟ್ಟಿದೆ ಅಂದುಕೊಂಡಿದ್ದಾರೆ. ವೈದ್ಯರು ಮತ್ತು ನರ್ಸ್‌ಗಳನ್ನು ಬಿಟ್ಟು ಬೇರೆ ವಿಭಾಗಗಳಿಗೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲು ಶುರು ಮಾಡಿದ್ದು 1992ರಲ್ಲಿ. ವಾಯುಪಡೆ 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅವರನ್ನು ಫೈಟರ್ ವಿಮಾನಕ್ಕೆ ತೆಗೆದುಕೊಂಡಿತು. 2021ರಲ್ಲಿ ಕೋರ್ಟು ಹೇಳಿದ ಮೇಲೆ ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಪರೀಕ್ಷೆ ಹುಡುಗಿಯರಿಗೂ ತೆರೆಯಿತು, ಅವರ ಮೊದಲ ತಂಡದ 17 ಮಂದಿ 2025ರ ಮೇ 30ರಂದು ಖಡಕ್‌ವಾಸ್ಲಾದಿಂದ ಪಾಸಾಗಿ ಹೊರಬಂದರು. 2023ರ ಏಪ್ರಿಲ್‌ನಲ್ಲಿ ಐವರು ಮಹಿಳಾ ಅಧಿಕಾರಿಗಳು ಮೊದಲ ಸಲ ಆರ್ಟಿಲರಿಗೆ, ಅಂದರೆ ಫಿರಂಗಿ ದಳಕ್ಕೆ ಸೇರಿದರು. ಆಪರೇಷನ್ ಸಿಂಧೂರದ ದಿನ ಬೆಳಿಗ್ಗೆ ದೇಶಕ್ಕೆ ವಿವರ ಕೊಟ್ಟವರು ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಅವತ್ತು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊಬೈಲ್ ಹಿಡಿದುಕೊಂಡು ನಿಂತಿದ್ದೆವು. ಸೋಫಿಯಾ ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ ಅಂತ ಗೊತ್ತಾದ ಮೇಲೆ ಹೆಮ್ಮೆ ಇನ್ನೂ ಜಾಸ್ತಿ ಆಯಿತು.

ಇಷ್ಟೆಲ್ಲ ಆದ ಮೇಲೂ ಇನ್‌ಫೆಂಟ್ರಿ, ಆರ್ಮರ್ಡ್ ಕೋರ್, ಮೆಕನೈಸ್ಡ್ ಇನ್‌ಫೆಂಟ್ರಿ ಈ ಮೂರೂ ಹೆಣ್ಣುಮಕ್ಕಳಿಗೆ ಮುಚ್ಚಿವೆ. ಕಾಲ್ದಳ, ಟ್ಯಾಂಕು, ಟ್ಯಾಂಕಿನ ಜೊತೆ ಹೋಗುವ ಪಡೆ. ಎನ್‌ಡಿಎಯಲ್ಲಿ ಮೂರು ವರ್ಷ ಹುಡುಗರ ಜೊತೆ ಅದೇ ಕೆಸರಲ್ಲಿ ತೆವಳಿದ ಹುಡುಗಿ ಕೊನೆಯಲ್ಲಿ ರೆಜಿಮೆಂಟ್ ಆರಿಸಿಕೊಳ್ಳುವಾಗ ಪಕ್ಕದ ಹುಡುಗನಿಗೆ ಸಿಗುವ ಆಯ್ಕೆ ಅವಳಿಗಿಲ್ಲ.

ಇನ್ನು ಅಧಿಕಾರಿ ಅಲ್ಲದ, ಸಾಮಾನ್ಯ ಜವಾನರ ವಿಷಯ. ನನ್ನ ಮೈದಾನಕ್ಕೆ ಬರುವವರು ಬಹಳಷ್ಟು ಜನ ಇವರೇ, ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾಡಿದವರು. 1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು ಸೇನೆಗೆ ಸೇರುವ ಹಾಗೇ ಇಲ್ಲ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಿಗೆ ಮಾತ್ರ ಸೇರಬಹುದು. ಭೂಸೇನೆಯಲ್ಲಿ ನಮ್ಮ ಹುಡುಗಿಯರು ಜವಾನರಾಗಿ ಅರ್ಜಿ ಹಾಕಲು ಇರುವುದು ಒಂದೇ ಜಾಗ, ಮಿಲಿಟರಿ ಪೊಲೀಸ್. ಅದರ ಮೊದಲ ತಂಡ, 83 ಹುಡುಗಿಯರು, 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ತರಬೇತಿ ಮುಗಿಸಿತು. ಒಳ್ಳೆಯದೇ. ಆದರೆ ಕಾನೂನಿನ ಪುಸ್ತಕದಲ್ಲಿ ಆ ಸೆಕ್ಷನ್ ಹಾಗೇ ಕೂತಿದೆ. ಅದನ್ನು ತೆಗೆಯಲು ಸಂಸತ್ತಿಗೆ ಹೋಗಬೇಕು, ಆದರೆ ಒಂದು ವಿಭಾಗ ಸೇರಿಸಲು ನಿಮ್ಮ ಒಂದು ಅಧಿಸೂಚನೆ ಸಾಕು.

ಈಗ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ವಿರೋಧ ಮಾಡುವವರಲ್ಲಿ ನಾನು ಗೌರವ ಕೊಡುವ ವಿರೋಧ ಅವರದ್ದು. ಅವರು ಸಂಸ್ಕೃತಿ, ಸಂಪ್ರದಾಯ ಅಂತ ಮಾತಾಡುವುದಿಲ್ಲ. ತೂಕದ ಬಗ್ಗೆ ಮಾತಾಡುತ್ತಾರೆ. "ಅಲ್ಲವ್ವಾ, ಬೆನ್ನಿಗೆ ಇಪ್ಪತ್ತೈದು ಮೂವತ್ತು ಕೆಜಿ, ಕೈಯಾಗೆ ರೈಫಲ್ಲು, ಮೇಲೆ ಗುಡ್ಡ. ಪಕ್ಕದೋನಿಗೆ ಗುಂಡು ಬಿತ್ತು ಅಂದ್ರೆ ಅವನ್ನೂ ಎತ್ಕೊಂಡು ಇಳೀಬೇಕು. ಅವನು ಎಪ್ಪತ್ತು ಕೆಜಿ ಇರ್ತಾನೆ. ಅಲ್ಲಿ ನಿನ್ನ ಕೋರ್ಟ್ ಆರ್ಡರ್ ಬರಲ್ಲ." ಇದಕ್ಕೆ ನಾನು ಸಮಾನತೆ ಅಂತ ಭಾಷಣ ಮಾಡಿದರೆ ಅದು ಉತ್ತರ ಆಗಲ್ಲ. ತೂಕದ ಪ್ರಶ್ನೆಗೆ ತೂಕದಲ್ಲೇ ಉತ್ತರ ಕೊಡಬೇಕು.

ಹಾಗಾಗಿ ಅವರನ್ನೇ ಮೈದಾನಕ್ಕೆ ಕರೆದೆ. ನೀವೇ ಟೆಸ್ಟ್ ಮಾಡಿ ಅಂದೆ.

ಬಂದರು. ಖಾಲಿ ಸಿಮೆಂಟ್ ಚೀಲ ಅರ್ಧ ಮಡಚಿ ಮರಳು ತುಂಬಿಸಿದರು, ತೂಕದ ಅಂಗಡಿಯಲ್ಲಿ ತೂಗಿಸಿಕೊಂಡು ಬಂದು ಶಾಲೆಯ ಹಳೇ ಬ್ಯಾಗುಗಳಿಗೆ ಹಾಕಿದರು. ಹುಡುಗ ಹುಡುಗಿ ಅಂತ ನೋಡದೆ ಎಲ್ಲರ ಬೆನ್ನಿಗೂ ಒಂದೇ ತೂಕ. ಮೊದಲು ಮೈದಾನದ ಸುತ್ತ ನಡಿಗೆ, ಆಮೇಲೆ ಶಾಲೆ ಹಿಂದಿನ ಗುಡ್ಡ. ಅದಾದ ಮೇಲೆ ಜೊತೆಗಾರರನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು ಗೋಲ್ ಪೋಸ್ಟಿನಿಂದ ಗೋಲ್ ಪೋಸ್ಟಿಗೆ. ಹುಡುಗಿಯರಲ್ಲಿ ತುಂಬಾ ಜನ ಗುಡ್ಡದಲ್ಲೇ ಕೂತುಬಿಟ್ಟರು. ಹುಡುಗರಲ್ಲೂ ಕೆಲವರು ಕೂತರು, ಅದನ್ನೂ ಹೇಳಬೇಕು. ಹೆಗಲ ಮೇಲೆ ಹೊರುವ ಹೊತ್ತಿಗೆ ಹುಡುಗಿಯರಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಅದರಲ್ಲಿ ಒಬ್ಬಳು ಕುರಿ ಸಾಕುವ ಮನೆಯವಳು. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಕುರಿಮಂದೆ ಹಿಂದೆ ಊರೂರು ಅಲೆಯುವವಳು, ನಡೆಯಲಾರದ ಮರಿಗಳನ್ನು ಹೆಗಲ ಮೇಲೆ ಹಾಕಿಕೊಂಡೇ ಬೆಳೆದವಳು. ಅವಳಿಗಿಂತ ದಪ್ಪ ಇದ್ದ ಹುಡುಗನನ್ನು ಎತ್ತಿಕೊಂಡು ಮೊಣಕಾಲು ನಡುಗಿದರೂ ಇಳಿಸದೆ ಆ ಕಡೆ ಮುಟ್ಟಿಸಿದಳು. ಚಿಕ್ಕಪ್ಪ ಹತ್ತಿರ ಹೋಗಿ ಅವಳ ಬ್ಯಾಗಿನ ಪಟ್ಟಿ ಬಿಗಿ ಮಾಡಿದರು. ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು ಅಂತ ತೋರಿಸಿದರು. ಇನ್ನೊಂದು ಸಲ ಹೋಗು ಅಂದರು. ಹೋದಳು, ಮೊದಲಿಗಿಂತ ಬೇಗ ಮುಟ್ಟಿದಳು.

ಮನೆಗೆ ಬರುವಾಗ ಚಿಕ್ಕಪ್ಪ ಹೇಳಿದ್ದು ಇಷ್ಟೇ (ಸೆಕ್ಷನ್ ಅಂದರೆ ಸೇನೆಯಲ್ಲಿ ಒಂದು ಚಿಕ್ಕ ತುಕಡಿ). "ಆ ಹುಡುಗೀನ ನನ್ನ ಸೆಕ್ಷನ್ನಿಗೆ ಹಾಕಿದ್ರೆ ತಗೋತಿದ್ದೆ. ಎಲ್ರನ್ನೂ ಅಲ್ಲ."

ಸ್ವಾಮಿ, ನಾನು ಕೇಳುತ್ತಿರುವುದೂ ಅದೇ. ಎಲ್ಲರನ್ನೂ ಅಲ್ಲ. ಆ ಹುಡುಗಿಯನ್ನು ತಗೊಳ್ಳಿ. ಇವತ್ತಿನ ನಿಯಮದಲ್ಲಿ ಅವಳಿಗೆ ಸೋಲುವ ಅವಕಾಶವೂ ಇಲ್ಲ, ಯಾಕೆಂದರೆ ಪರೀಕ್ಷೆಗೇ ಕರೆಯುವುದಿಲ್ಲ. ಗುಡ್ಡದಲ್ಲಿ ಕೂತುಬಿಟ್ಟ ಹುಡುಗನಿಗೆ ಮುಂದಿನ ವರ್ಷ ಇನ್ನೊಂದು ಸಲ ಬರಲು ಅವಕಾಶ ಇದೆ. ಗುಡ್ಡ ಹತ್ತಿದ ಇವಳಿಗೆ ಇಲ್ಲ.

ಹೊರದೇಶದ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಸೇನೆಯಲ್ಲಿ ರೇಂಜರ್ ಸ್ಕೂಲ್ ಅಂತ ಇದೆ, ತುಂಬಾ ಕಠಿಣ ತರಬೇತಿ. 2015ರಲ್ಲಿ ಮೊದಲ ಸಲ ಹೆಂಗಸರನ್ನು ಬಿಟ್ಟರು. 19 ಮಂದಿ ಶುರು ಮಾಡಿದರು, ಕೊನೆಗೆ ಆ ವರ್ಷ ಮುಗಿಸಿದವರು ಮೂವರು. ಉಳಿದವರು ಮನೆಗೆ ಹೋದರು. ಆ ಮೂವರಲ್ಲಿ ಒಬ್ಬರಾದ ಕ್ರಿಸ್ಟನ್ ಗ್ರೀಸ್ಟ್ ಮುಂದಿನ ವರ್ಷ ಅಲ್ಲಿಯ ಮೊದಲ ಮಹಿಳಾ ಇನ್‌ಫೆಂಟ್ರಿ ಅಧಿಕಾರಿ ಆದರು. ಅದೇ 2015ರಲ್ಲಿ ಅಮೆರಿಕದ ಮರೀನ್ ಪಡೆ ಒಂದು ಪ್ರಯೋಗ ಮಾಡಿತು, ಗಂಡಸರೇ ಇರುವ ತಂಡಗಳು ಹೆಚ್ಚಿನ ಕೆಲಸಗಳಲ್ಲಿ ಮಿಶ್ರ ತಂಡಗಳಿಗಿಂತ ಮುಂದಿದ್ದವು, ಹೆಂಗಸರಿಗೆ ಗಾಯಗಳೂ ಜಾಸ್ತಿ ಆದವು. ವಿರೋಧಿಸುವವರು ಇದನ್ನು ಹಿಡಿದುಕೊಂಡು ಮಾತಾಡುತ್ತಾರೆ. ನಾನು ಅದನ್ನು ಮುಚ್ಚಿಡಲ್ಲ, ಸತ್ಯ ಅದು. ಆದರೆ ಅದು ಗುಂಪಿನ ಸರಾಸರಿ. ಭರ್ತಿಯಲ್ಲಿ ನೀವು ಸರಾಸರಿಯನ್ನು ತಗೊಳ್ಳಲ್ಲ, ಒಬ್ಬೊಬ್ಬರನ್ನು ಎದೆ ಅಳೆದು, ಓಡಿಸಿ, ಕಣ್ಣು ನೋಡಿ ತಗೊಳ್ಳುತ್ತೀರಿ. ಹುಡುಗರ ಸರಾಸರಿ ನೋಡಿದರೂ ನಮ್ಮ ತಾಲ್ಲೂಕಿನಿಂದ ಯಾರೂ ಆಯ್ಕೆ ಆಗುತ್ತಿರಲಿಲ್ಲ. ಬ್ರಿಟನ್ 2018ರಲ್ಲಿ ಸೇನೆಯ ಎಲ್ಲ ಹುದ್ದೆಗಳನ್ನೂ ಹೆಂಗಸರಿಗೆ ತೆರೆಯಿತು, ಮುಂದಿನ ವರ್ಷ ಎದುರಾಬದುರು ಯುದ್ಧ ಮಾಡುವ ಹುದ್ದೆಗಳಿಗೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ದೈಹಿಕ ಪರೀಕ್ಷೆ ಇಟ್ಟಿತು. ಅದು ಸರಿಯಾದ ದಾರಿ.

ಇದನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಪರ ಮಾತಾಡುವ ಕೆಲವರು ತಪ್ಪು ವಾದ ಮಾಡುತ್ತಾರೆ. ಈಗೆಲ್ಲ ಡ್ರೋನ್ ಯುದ್ಧ, ಬಟನ್ ಒತ್ತಿದರೆ ಸಾಕು, ಶಕ್ತಿ ಯಾಕೆ ಬೇಕು ಅನ್ನುತ್ತಾರೆ. ನಮ್ಮ ಚಳ್ಳಕೆರೆ ಹತ್ತಿರವೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ ಇದೆ, 2017ರಲ್ಲಿ ಶುರುವಾದದ್ದು, ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲೇ ಹಾರಿಸಿ ನೋಡುತ್ತಾರೆ. ಹಾಗಾಗಿ ಡ್ರೋನ್ ನಮಗೆ ಹೊಸದಲ್ಲ. ಆದರೆ 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ಏನಾಯಿತು? ಕಲ್ಲು, ದೊಣ್ಣೆ, ಮೊಳೆ ಹೊಡೆದ ಕಬ್ಬಿಣದ ರಾಡು. ನಮ್ಮ 20 ಜನ ಪ್ರಾಣ ಕೊಟ್ಟರು. ಕಾಲ್ದಳದ ಕೆಲಸ ಇವತ್ತಿಗೂ ಕೈಕಾಲಿನ ಕೆಲಸವೇ. ಅದಕ್ಕೇ ಹೇಳುವುದು, ಪರೀಕ್ಷೆಯನ್ನು ಒಂದು ಕೂದಲೆಳೆಯಷ್ಟೂ ಸಡಿಲ ಮಾಡಬೇಡಿ. ಸಡಿಲ ಮಾಡಿ ತಗೊಂಡರೆ ಆ ಹುಡುಗಿಗೂ ಅಪಾಯ, ಅವಳ ಪಕ್ಕದವನಿಗೂ ಅಪಾಯ, ಮುಂದೆ ಬರುವ ಹುಡುಗಿಯರಿಗೆಲ್ಲ ಕೆಟ್ಟ ಹೆಸರು.

ಈಗಿನ ಭರ್ತಿಯಲ್ಲಿ ಹುಡುಗರು 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ. ಮಿಲಿಟರಿ ಪೊಲೀಸ್‌ಗೆ ಹೋಗುವ ಹುಡುಗಿಯರಿಗೆ ಎಂಟು ನಿಮಿಷದವರೆಗೆ ಸಮಯ. ಆ ಕೆಲಸಕ್ಕೆ ಅದು ಸಾಕು ಅಂತ ನೀವು ತೀರ್ಮಾನಿಸಿದ್ದೀರಿ, ಇರಲಿ. ಕಾಲ್ದಳಕ್ಕೆ ಬೇರೆ ಅಳತೆ ಇಡಿ. ಹೊರೆ ಹೊರುವುದು, ಗಾಯಾಳುವನ್ನು ಎಳೆಯುವುದು, ಕಂದಕ ತೋಡುವುದು, ರಾತ್ರಿ ಪೂರ್ತಿ ನಡೆದು ಬೆಳಿಗ್ಗೆ ಗುರಿ ಇಟ್ಟು ಹೊಡೆಯುವುದು. ಕೆಲಸ ಏನು ಕೇಳುತ್ತದೋ ಅದನ್ನೇ ಪರೀಕ್ಷೆ ಮಾಡಿ, ಎಲ್ಲರಿಗೂ ಒಂದೇ ಅಳತೆ, ಅದನ್ನು ಮೊದಲೇ ಪ್ರಕಟ ಮಾಡಿ. ನಮ್ಮಂಥ ಮೈದಾನಗಳಲ್ಲಿ ನಾವು ಅದಕ್ಕೆ ತಯಾರಿ ಮಾಡಿಸುತ್ತೇವೆ.

ತಯಾರಿ ಅಂದಾಗ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಗುಡ್ಡದಲ್ಲಿ ಕೂತುಬಿಟ್ಟ ಆ ಹುಡುಗಿಯರಿಗೆ ಧೈರ್ಯ ಕಡಿಮೆ ಇತ್ತು ಅಂತಲ್ಲ. ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಾಗ ನಾನು ರಿಜಿಸ್ಟರ್ ನೋಡುತ್ತೇನೆ. ಎಷ್ಟೋ ಹುಡುಗಿಯರ ಹಿಮೋಗ್ಲೋಬಿನ್ ಒಂಬತ್ತು, ಹತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಕಬ್ಬಿಣವೇ ಇಲ್ಲದವಳು ಮೂರನೇ ಸುತ್ತಿಗೆ ಎದುಸಿರು ಬಿಟ್ಟರೆ ಅದು ಹೆಣ್ಣಿನ ದೇಹದ ತಪ್ಪಾ, ತಟ್ಟೆಯ ತಪ್ಪಾ? ಮನೆಯಲ್ಲಿ ಮೊಟ್ಟೆ ಇದ್ದರೆ ಮಗನಿಗೆ ಮೊದಲು. ಬೆಳಿಗ್ಗೆ ಮಗ ಎದ್ದು ಸೀದಾ ಮೈದಾನಕ್ಕೆ ಬರುತ್ತಾನೆ, ಮಗಳು ಅಂಗಳ ಗುಡಿಸಿ, ನೀರು ತುಂಬಿಸಿ, ರೊಟ್ಟಿಗೆ ಕೈಹಾಕಿ ಆಮೇಲೆ ಓಡೋಡಿ ಬರುತ್ತಾಳೆ. ಅವಳ ಬೂಟು ಅಣ್ಣ ಹಾಕಿ ಬಿಟ್ಟದ್ದು, ಎರಡು ನಂಬರ್ ದೊಡ್ಡದು, ಮುಂದೆ ಬಟ್ಟೆ ತುರುಕಿರುತ್ತದೆ. ನಿಮ್ಮ ಸೇನೆಯಲ್ಲೂ ಬ್ಯಾಗು, ಗುಂಡು ನಿರೋಧಕ ಜಾಕೆಟ್ಟು ಎಲ್ಲ ಗಂಡಸಿನ ಮೈಕಟ್ಟು ನೋಡಿ ಹೊಲಿಸಿದವೇ ಆದರೆ ಅಲ್ಲೂ ಇದೇ ಕತೆ. ಸೊಂಟಕ್ಕೆ ಕೂರದ ಪಟ್ಟಿ ಎಷ್ಟು ಕಷ್ಟ ಕೊಡುತ್ತದೆ ಅಂತ ಚಿಕ್ಕಪ್ಪ ಅವತ್ತು ಒಂದು ನಿಮಿಷದಲ್ಲಿ ತೋರಿಸಿದರು. ಹುಡುಗಿಯರಿಗೆ ಮೂಳೆ ಬಿರುಕು ಜಾಸ್ತಿ ಆಗುತ್ತದೆ ಅನ್ನುವುದು ನಿಜ, ಆದರೆ ಊಟ, ಬೂಟು, ತರಬೇತಿ ಹೆಚ್ಚಿಸುವ ವೇಗ ಇವುಗಳನ್ನು ಸರಿಮಾಡಿದರೆ ಅದು ಕಡಿಮೆ ಆಗುತ್ತದೆ ಅನ್ನುವುದೂ ನಿಜ.

ಹೆರಿಗೆ ರಜೆಯ ಮಾತು ಬರುತ್ತದೆ. ಅದಕ್ಕೆ ಜಾಸ್ತಿ ಹೊತ್ತು ಕೊಡಲ್ಲ. ಅಧಿಕಾರಿಗಳು ಕೋರ್ಸಿಗೆ ಹೋಗುತ್ತಾರೆ, ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಇರುತ್ತಾರೆ, ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗಿ ಬರುತ್ತಾರೆ, ಆಗೆಲ್ಲ ಪಲ್ಟನ್ ನಡೆಯುತ್ತದೆ ತಾನೇ?

ಇನ್ನೊಂದು ಮಾತು ಮೆಲ್ಲಗೆ ಹೇಳುತ್ತಾರೆ. ಶತ್ರುವಿನ ಕೈಗೆ ಸಿಕ್ಕರೆ? ಇದನ್ನು ಕೇಳುವ ತಂದೆತಾಯಿಯರಿಗೆ ನಾನು ಸಿಟ್ಟು ಮಾಡಿಕೊಳ್ಳಲ್ಲ, ಅದು ನಿಜವಾದ ಭಯ. ಆದರೆ 1999ರಲ್ಲಿ ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಜೊತೆಗಿದ್ದ ಐವರು ಜವಾನರು ಪಾಕಿಸ್ತಾನದವರ ಕೈಗೆ ಸೆರೆ ಸಿಕ್ಕಾಗ ಅವರಿಗೆ ಆದ ಚಿತ್ರಹಿಂಸೆ ಕೇಳಿದರೆ ಇವತ್ತಿಗೂ ಕರುಳು ಕಿತ್ತು ಬರುತ್ತದೆ. ಹಾಗಂತ ಗಂಡುಮಕ್ಕಳನ್ನು ಕಳಿಸಬೇಡಿ ಅಂತ ಯಾರೂ ಹೇಳಲಿಲ್ಲ. ಆ ಅಪಾಯ ಗೊತ್ತಿದ್ದೇ ಹುಡುಗರು ಸಹಿ ಹಾಕುತ್ತಾರೆ. ಹದಿನೆಂಟು ತುಂಬಿದ ಹುಡುಗಿಯೂ ಗೊತ್ತಿದ್ದೇ ಸಹಿ ಹಾಕುತ್ತಾಳೆ. ಅವಳ ಜೀವದ ಬಗ್ಗೆ ಅವಳೇ ತೀರ್ಮಾನ ಮಾಡಬಾರದು ಅನ್ನುವುದು ಯಾವ ಕಾಳಜಿ?

ಮತ್ತು ನಿಜ ಹೇಳಿ, ಅವರು ಈಗಾಗಲೇ ಅಲ್ಲೇ ಇದ್ದಾರೆ ಅಲ್ವಾ? ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ್ 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮದ ಅಡಿ ಆರು ದಿನ ಇದ್ದು, ಜೀವಂತ ಹೊರಬಂದು, ದೆಹಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಸಿಯಾಚಿನ್‌ನ ಕುಮಾರ್ ಪೋಸ್ಟ್‌ಗೆ 2023ರ ಜನವರಿಯಲ್ಲಿ ಕ್ಯಾಪ್ಟನ್ ಶಿವಾ ಚೌಹಾಣ್ ಅವರನ್ನು ನೀವೇ ನೇಮಿಸಿದಿರಿ. ಅಲ್ಲಿಯ ಚಳಿ ಹೆಣ್ಣು ಅಂತ ಬಿಡುತ್ತದೆಯೇ? ಗಡಿಯಲ್ಲಿ ಬಿಎಸ್‌ಎಫ್‌ನ ಹೆಣ್ಣುಮಕ್ಕಳು 2009ರಿಂದ ಕಾವಲು ನಿಂತಿದ್ದಾರೆ. ಮೇಜರ್ ಮಿಥಾಲಿ ಮಧುಮಿತಾ 2010ರಲ್ಲಿ ಕಾಬೂಲ್ ದಾಳಿಯ ಹೊತ್ತಿನಲ್ಲಿ ಅವಶೇಷಗಳಡಿ ಸಿಕ್ಕವರನ್ನು ಹೊರಗೆಳೆದು ಸೇನಾ ಪದಕ ಪಡೆದರು. ಅಪಾಯದ ಜಾಗಕ್ಕೆ ಕಳಿಸುವಾಗ ಹೆಣ್ಣು ಅಂತ ತಡೆಯಲಿಲ್ಲ. ತಡೆಯುವುದು ಕಾಲ್ದಳಕ್ಕೆ ಸೇರುತ್ತೇನೆ ಅಂದಾಗ. ಸೇನೆಯ ಮೇಲಿನ ಹುದ್ದೆಗಳಿಗೆ ಏರುವ ದಾರಿ ಹೆಚ್ಚಾಗಿ ಅಲ್ಲಿಂದಲೇ ಹೋಗುತ್ತದೆ. ಎಂಜಿನಿಯರ್ಸ್ ವಿಭಾಗದ ಅಧಿಕಾರಿಯೊಬ್ಬರು ಸೇನಾ ಮುಖ್ಯಸ್ಥರಾಗಲು 2022ರವರೆಗೆ ಕಾಯಬೇಕಾಯಿತು.

2024ರಲ್ಲಿ ಒಬ್ಬ ಹಿರಿಯ ಸೇನಾಧಿಕಾರಿ ತಮ್ಮ ಕೈಕೆಳಗಿನ ಎಂಟು ಮಹಿಳಾ ಕಮಾಂಡಿಂಗ್ ಆಫೀಸರ್‌ಗಳ ಬಗ್ಗೆ ದೂರಿ ಬರೆದ ಪತ್ರ ಪತ್ರಿಕೆಗಳಲ್ಲಿ ಬಂತು. ಓದಿ ಬೇಜಾರಾಯಿತು. ಅದರಲ್ಲಿ ಹೇಳಿದ್ದು ಕೆಲವರ ಮಟ್ಟಿಗೆ ನಿಜವೂ ಇರಬಹುದು. ಆದರೆ 2020ರ ತನಕ ಕಮಾಂಡ್ ಕಡೆ ಹೋಗುವ ದಾರಿಯೇ ಇಲ್ಲದವರನ್ನು ಕರೆದು ಏಕಾಏಕಿ ಕಮಾಂಡ್ ಕೊಟ್ಟು, ಎಂಟು ಜನರನ್ನು ನೋಡಿ, ಎಲ್ಲ ಹೆಂಗಸರೂ ಹೀಗೇ ಅನ್ನುವ ತೀರ್ಮಾನಕ್ಕೆ ಯಾರೂ ಬರಬಾರದು.

ಚಿತ್ರದುರ್ಗದವಳಾಗಿ ಓಬವ್ವನ ಬಗ್ಗೆ ಹೇಳದೆ ಹೇಗಿರಲಿ. ನವೆಂಬರ್ 11 ಬಂದರೆ ಸರ್ಕಾರದ ಜಯಂತಿ, ಶಾಲೆಯಲ್ಲಿ ಹುಡುಗಿಯರಿಗೆ ಸೀರೆ ಉಡಿಸಿ ಕೈಗೆ ಒನಕೆ ಕೊಟ್ಟು ನಿಲ್ಲಿಸುತ್ತೇವೆ. ಊರಿನ ಸ್ಟೇಡಿಯಂಗೆ ಅವಳ ಹೆಸರು. ಕೋಟೆಗೆ ಬಂದವರೆಲ್ಲ ಕಿಂಡಿ ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಕತೆಯನ್ನು ಸ್ವಲ್ಪ ನಿಧಾನಕ್ಕೆ ನೆನಪು ಮಾಡಿಕೊಳ್ಳಿ. ಕಾವಲಿನ ಕೆಲಸ ಗಂಡ ಮುದ್ದ ಹನುಮನದ್ದು. ಅವನು ಊಟಕ್ಕೆ ಬಂದಿದ್ದ. ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಿತು. ಅವಳ ಕೈಯಲ್ಲಿ ಕತ್ತಿ ಇರಲಿಲ್ಲ, ಯಾರೂ ಕೊಟ್ಟಿರಲಿಲ್ಲ, ಕಲಿಸಿರಲಿಲ್ಲ. ಮನೆಯಲ್ಲಿದ್ದ ಒನಕೆ ತಗೊಂಡಳು. ಅವತ್ತೇ ಸತ್ತಳು. ಇದನ್ನು ನಾವು ಇನ್ನೂರೈವತ್ತು ವರ್ಷದಿಂದ ಕೊಂಡಾಡುತ್ತಿದ್ದೇವೆ, ಕೊಂಡಾಡಬೇಕಾದದ್ದೇ.

2001ರ ಡಿಸೆಂಬರ್ 13ಕ್ಕೆ ಬನ್ನಿ. ಸಂಸತ್ ಭವನದ ಗೇಟಿನಲ್ಲಿ ಸಿಆರ್‌ಪಿಎಫ್ ಕಾನ್‌ಸ್ಟೇಬಲ್ ಕಮಲೇಶ್ ಕುಮಾರಿ ಡ್ಯೂಟಿಯಲ್ಲಿದ್ದರು. ಉಗ್ರರ ಕಾರನ್ನು ಮೊದಲು ಅನುಮಾನಿಸಿದವರು ಅವರೇ. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಇದ್ದದ್ದು ವಾಕಿಟಾಕಿ. ಕೂಗಿ ಎಚ್ಚರಿಸಿದರು, ಅಲ್ಲೇ ಗುಂಡು ತಿಂದು ಬಿದ್ದರು. ತೀರಿಕೊಂಡ ಮೇಲೆ ಅಶೋಕ ಚಕ್ರ ಕೊಟ್ಟರು.

ನೋಡಿ, ಓಬವ್ವನಿಂದ ಕಮಲೇಶ್ ಕುಮಾರಿಯವರೆಗೆ ನಾವು ಮಾಡಿದ್ದು ಒಂದೇ. ಆಯುಧ ಇಲ್ಲದೆ ಸಾಯಲು ಬಿಟ್ಟು, ಆಮೇಲೆ ಹಾರ ಹಾಕಿದ್ದು. ನನ್ನ ಮೈದಾನದ ಹುಡುಗಿಯರು ಇನ್ನೊಬ್ಬ ಓಬವ್ವ ಆಗುವುದು ನನಗೆ ಬೇಡ. ಅವರಿಗೆ ಮೊದಲೇ ತರಬೇತಿ ಸಿಗಲಿ, ಕೈಯಲ್ಲಿ ರೈಫಲ್ ಇರಲಿ, ಪಕ್ಕದಲ್ಲಿ ಒಂದು ಸೆಕ್ಷನ್ ಇರಲಿ, ಬೆನ್ನ ಹಿಂದೆ ಫಿರಂಗಿ ಇರಲಿ, ಗೆದ್ದು ಬದುಕಿ ವಾಪಸ್ ಬರುವ ಸೈನಿಕರಾಗಲಿ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಎನ್‌ಡಿಎ, ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎಯಿಂದ ಬರುವ ಹುಡುಗಿಯರಲ್ಲಿ ಇಷ್ಟ ಇದ್ದವರಿಗೆ ಕಾಲ್ದಳದ ಪರೀಕ್ಷೆ ಬರೆಯಲು, ಅಂದರೆ ಮೈಯಲ್ಲಿ ಬರೆಯಲು, ಅವಕಾಶ ಕೊಡಿ. ಒಬ್ಬಳೇ ಪಾಸಾದರೆ ಒಬ್ಬಳನ್ನೇ ತಗೊಳ್ಳಿ. ಯಾರೂ ಪಾಸಾಗದಿದ್ದರೆ ಯಾರನ್ನೂ ತಗೊಳ್ಳಬೇಡಿ, ಮುಂದಿನ ವರ್ಷ ಮತ್ತೆ ಕರೆಯಿರಿ. ಮೊದಲು ಅಧಿಕಾರಿಗಳಿಂದ ಶುರು ಮಾಡಿದರೂ ಪರವಾಗಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಜವಾನರ ಭರ್ತಿಯಲ್ಲಿ ಮಿಲಿಟರಿ ಪೊಲೀಸ್ ಬಿಟ್ಟು ಬೇರೆ ವಿಭಾಗಗಳಿಗೂ 12ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸಿ. ಸಿಗ್ನಲ್ಸ್, ಎಂಜಿನಿಯರ್ಸ್, ಆರ್ಟಿಲರಿ, ಎಲ್ಲಿಂದ ಬೇಕಾದರೂ ಶುರು ಮಾಡಿ. ಅಧಿಕಾರಿ ಆಗುವ ಹುಡುಗಿಗೆ ಇಂಗ್ಲಿಷ್ ಮೀಡಿಯಂ, ಕೋಚಿಂಗು, ಸೈನಿಕ ಶಾಲೆ ಎಲ್ಲ ಇರುತ್ತದೆ. ಕುರಿಗಾಹಿಯ ಮಗಳಿಗೆ ಇರುವುದು ಜವಾನಳಾಗುವ ದಾರಿ ಒಂದೇ.

ಅವಳಿಗೆ ಈ ವರ್ಷ ಹದಿನೇಳೂವರೆ ತುಂಬಿದೆ. ಅಗ್ನಿವೀರ್ ಅರ್ಜಿ ಹಾಕುವ ವಯಸ್ಸು. ಆನ್‌ಲೈನ್ ಫಾರಂ ತುಂಬಲು ನನ್ನ ಹತ್ತಿರವೇ ಬರುತ್ತಾಳೆ. ಕಾಲ್ದಳಕ್ಕೆ ಹಾಕಿ ಮೇಡಂ ಅಂತ ಹೇಳಿ ಆಗಿದೆ. ಮುಂದಿನ ಅಧಿಸೂಚನೆ ಹೊರಡಿಸುವ ಮೊದಲು ಅದರಲ್ಲಿ ಮಹಿಳೆಯರಿಗೆ ಯಾವ ಯಾವ ವಿಭಾಗ ಅನ್ನುವ ಕಡೆ ಒಂದು ಸಲ ನೋಡಿ. ಈ ಪತ್ರಕ್ಕೆ ನೀವು ಉತ್ತರ ಬರೆಯದಿದ್ದರೂ ನಡೆಯುತ್ತದೆ, ಅಲ್ಲಿ ಬರೆಯಿರಿ.

ಇಂತಿ,
ಒಬ್ಬ ದೈಹಿಕ ಶಿಕ್ಷಕಿ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ